ಪಜಲ್ ಬಿಡಿಸಿದ್ರೂ ಗೇಮ್ ಸೋಲ್ತೀನಿ!

ಪ್ರಶ್ನೆ: ಸರ್, ದಿನಾ ಒಂದು ಗಂಟೆ ಚೆಸ್ ಪಜಲ್ ಬಿಡಿಸ್ತೀನಿ, ಆದ್ರೆ ಗೇಮಲ್ಲಿ ಅಂಥ ಪೊಸಿಷನ್ನೇ ಬರಲ್ಲ, ಪಜಲಲ್ಲಿ ಬರೋ ಟ್ಯಾಕ್ಟಿಕ್ಸ್ (ಥಟ್ ಅಂತ ಲಾಭ ಮಾಡೋ ನಡೆಗಳು) ಬಿಟ್ಟು ಸ್ಟ್ರಾಟಜಿ (ಕಾಯಿಗಳನ್ನ ಒಳ್ಳೆ ಜಾಗದಲ್ಲಿ ಕೂರಿಸೋ ಪ್ಲಾನ್) ಕಲೀಲಾ?

ಉತ್ತರ: ಬಿಡಬೇಡಿ, ಅರ್ಧ ಟೈಮ್ ಸ್ಟ್ರಾಟಜಿಗೆ ಕೊಡಿ. ಪಜಲಲ್ಲಿ ಏನೋ ಇದೆ ಅಂತ ಮೊದಲೇ ಗೊತ್ತಿರುತ್ತೆ, ಗೇಮಲ್ಲಿ ಯಾರು ಹೇಳ್ತಾರೆ! ಎದುರಾಳಿಯ ಪಾನ್‌ಗಳು (ಕಾಲಾಳುಗಳು) ಸಿ5, ಇ5 ಮನೆಗಳಿಗೆ ಹೋಗ್ಬಿಟ್ಟಿವೆ ಅನ್ಕೊಳ್ಳಿ, ಆಗ ಡಿ5ರಲ್ಲಿ ಕೂತ ನಿಮ್ಮ ಕುದುರೇನ ಓಡಿಸೋಕೆ ಪಾನೇ ಇಲ್ಲ, ಇದು ಸ್ಟ್ರಾಟಜಿ, ಅಲ್ಲಿಂದ ಅದು ಕಾವಲಿಲ್ಲದ ಸಿ7ಗೆ ಹಾರಿ ಇ8ರ ರಾಜಂಗೆ ಚೆಕ್ ಕೊಟ್ಟು ಎ8ರ ಆನೆ ಹೊಡೆದ್ರೆ ಟ್ಯಾಕ್ಟಿಕ್ಸ್. ಸೋತ ಗೇಮನ್ನ ಇಂಜಿನ್ (ನಡೆ ಹೇಳ್ಕೊಡೋ ಚೆಸ್ ಸಾಫ್ಟ್‌ವೇರ್) ಹಾಕದೆ ನೋಡಿ, ಯಾವ ಕಾಯಿ ದಂಡಕ್ಕೆ ಕೂತಿತ್ತು ಅಂತ ಹುಡುಕಿ. ಪದೇ ಪದೇ ಕ್ವೀನ್ ಬಿಟ್ಟಿ ಕೊಡ್ತಿದ್ರೆ ಮಾತ್ರ (ನಾನೂ ಕೊಟ್ಟಿದ್ದೀನಿ ಬಿಡಿ) ಪೂರ್ತಿ ಟೈಮ್ ಪಜಲ್‌ಗೇ ಹಾಕಿ.