ಇನ್‌ಬಾಕ್ಸ್ ನೋಡ್ತಾ ಕೂತ ಟೀಚರ್

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಹಾಸನದ ಹೈಸ್ಕೂಲ್ ಟೀಚರ್ ಒಬ್ಬರು, ಆರು ವರ್ಷ ಕೂತು ಇಂಗ್ಲಿಷಲ್ಲಿ ಕಾದಂಬರಿ ಬರೆದು, ಲಂಡನ್ನಿನ ಒಂಬತ್ತು ಲಿಟರರಿ ಏಜೆಂಟ್‌ಗಳಿಗೆ (ಲೇಖಕರ ಪರವಾಗಿ ಪ್ರಕಾಶಕರನ್ನ ಹುಡುಕಿಕೊಡೋರು) ಮೊದಲ ಮೂರು ಅಧ್ಯಾಯ, ಸಾರಾಂಶ, ಜೊತೆಗೊಂದು ಪತ್ರ ಕಳಿಸಿದ್ರು. 2025ರಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ್ಮೇಲೆ ಧೈರ್ಯ ಬಂತು ಮೇಡಂ ಅಂದ್ರು. ಕಳಿಸಿ ನಾಲ್ಕು ತಿಂಗಳಾಗಿತ್ತು, ಇಬ್ಬರು ಬೇಡ ಅಂದಿದ್ರು, ಏಳು ಜನದಿಂದ ಸುದ್ದಿನೇ ಇಲ್ಲ.

ನನ್ನ ಮುಂದೆ ಕೂತಾಗ್ಲೂ ಫೋನ್ ಸೆರಗಲ್ಲಿ ಸುತ್ಕೊಂಡೇ ಇದ್ರು, ಸದ್ದಾಗದಿದ್ರೂ ತೆಗೆದು ಸ್ಪ್ಯಾಮ್ ಫೋಲ್ಡರ್ ನೋಡೋರು. ಲಂಡನ್ನಲ್ಲಿ ಬೆಳಿಗ್ಗೆ ಹತ್ತಾದ್ರೆ ಬೇಸಿಗೇಲಿ ನಮಗೆ ಮಧ್ಯಾಹ್ನ ಎರಡೂವರೆ, ಅಲ್ಲಿಂದ ರಾತ್ರಿ ಹನ್ನೊಂದರವರೆಗೂ ಅವರಿಗೆ ಕಾಯೋ ಡ್ಯೂಟಿ, ಮಕ್ಕಳ ಹೋಮ್‌ವರ್ಕು, ರಾತ್ರಿ ಅಡುಗೆ ಎಲ್ಲಾ ಅದರ ಮಧ್ಯಾನೇ. "ಎಷ್ಟು ಕೆಟ್ಟದಾಗಿದ್ರೆ ಬೇಡ ಅಂತ ಬರಿಯೋಕೂ ಮನಸ್ಸಾಗಲ್ಲ ಅವ್ರಿಗೆ" ಅಂತ ಅತ್ತುಬಿಟ್ರು.

ನನಗೆ ನಿಜವಾಗ್ಲೂ ಸಂಕಟ ಆಯ್ತು, ಯಾಕಂದ್ರೆ ಆ ಮೌನಕ್ಕೆ ಅರ್ಥ ಕಟ್ಟಿದ್ದು ಇವರೇ. ಏಜೆಂಟ್‌ಗಳ ವೆಬ್‌ಸೈಟ್ ಇಬ್ಬರೂ ಕೂತು ಓದಿದ್ವಿ. ಆರರಿಂದ ಹನ್ನೆರಡು ವಾರ ಆಗುತ್ತೆ ಅಂತ ಕೆಲವರು ಹಾಕಿದ್ರು, ಉತ್ತರ ಬರದಿದ್ರೆ ಬೇಡ ಅಂತಲೇ ತಿಳ್ಕೊಳ್ಳಿ ಅಂತ ನಾಲ್ಕು ಜನ ಮೊದಲೇ ಬರೆದಿದ್ರು, ಅದು ಎಲ್ಲರಿಗೂ ಇರೋ ನಿಯಮ, ಇವರ ಬರವಣಿಗೆಗೆ ಕೊಟ್ಟ ಮಾರ್ಕ್ಸ್ ಅಲ್ಲ. ಆ ನಾಲ್ಕು ಹೆಸರು ಹೊಡೆದುಹಾಕಿ ಅಂದೆ. ಉಳಿದ ಮೂರಕ್ಕೆ, ಅವರು ಹೇಳಿದ ಗಡುವು ದಾಟಿದ್ರಿಂದ, ಎರಡು ಸಾಲಿನ ವಿನಯದ ಮೇಲ್ ಒಂದೇ ಒಂದ್ಸಲ. ಆಮೇಲೆ ಬೇರೆ ಐದು ಜನಕ್ಕೆ ಕಳಿಸೋದು, ಒಟ್ಟಿಗೆ ಹಲವರಿಗೆ ಕಳಿಸೋದು ಅಲ್ಲಿ ತಪ್ಪಲ್ಲ. ಮಧ್ಯ ಒಬ್ಬರು ಓದೋಕೇ ಫೀಸ್ ಕೇಳಿದ್ರಂತೆ, ಖಡಾಖಂಡಿತ ಬೇಡ ಅಂದೆ, ಸರಿಯಾದ ಏಜೆಂಟ್ ಪುಸ್ತಕದಿಂದ ದುಡ್ಡು ಬಂದ್ಮೇಲೆ ಸಾಮಾನ್ಯವಾಗಿ 15% ಹಿಡ್ಕೊಳ್ತಾರೆ ಅಷ್ಟೇ.

ಮೇಲ್ ನೋಡೋದು ದಿನಕ್ಕೊಂದೇ ಸಲ, ಬೆಳಿಗ್ಗೆ ಆರೂವರೆಗೆ, ಹಿಂದಿನ ದಿನ ಅಲ್ಲಿಂದ ಬರೋದೆಲ್ಲ ಅಷ್ಟೊತ್ತಿಗೆ ಬಂದಿರುತ್ತೆ. ರಾತ್ರಿ ಫೋನ್ ಅಡುಗೆಮನೇಲಿ. ಎರಡು ವಾರ ಕಳೆದ್ರೂ ನಿದ್ದೆ ಸರಿಹೋಗದಿದ್ರೆ ಡಾಕ್ಟರ್ ಹತ್ರ ಹೋಗ್ಬೇಕು, ರಾತ್ರಿ ತೀರಾ ತಡೀಲಾರದಂಗಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತಾನೂ ಹೇಳ್ದೆ.

ಮೂರನೇ ಸಲ ಬಂದಾಗ ಇನ್ನೊಂದು 'ಬೇಡ' ಬಂದಿತ್ತು. ಓದಿ ಹೇಳಿದ್ರು, ಕಣ್ಣು ತುಂಬಿತ್ತು, ಆದ್ರೆ ಫೋನ್ ಬ್ಯಾಗಲ್ಲೇ ಇಟ್ಟು ಹೊಸ ಕಥೆಯ ನಾಲ್ಕು ಪುಟ ತೆಗೆದ್ರು, ಈ ಸಲ ಕನ್ನಡದಲ್ಲಿ.