ಪ್ಯಾಂಟ್ರಿ ಊಟ ನಂಬ್ಕೊಂಡು ದೆಹಲಿಗೆ ಹೋಗಬಹುದಾ?

ಪ್ರಶ್ನೆ: ಸರ್, ನಮ್ದು ದಾವಣಗೆರೆ. ಮುಂದಿನ ತಿಂಗಳು ಅಪ್ಪ ಅಮ್ಮನ್ನ ಕರ್ಕೊಂಡು ಸಂಪರ್ಕ ಕ್ರಾಂತಿ ರೈಲಲ್ಲಿ ದೆಹಲಿಗೆ ಹೊರಟೀವಿ. ಅಪ್ಪಂಗೆ ಶುಗರ್ ಐತೆ, ಟೈಮಿಗೆ ಸರಿಯಾಗಿ ಊಟ ಆಗ್ಬೇಕು. ಮೊದ್ಲೆಲ್ಲ ಪ್ಯಾಂಟ್ರಿಯಲ್ಲೇ ಅಡುಗೆ ಮಾಡೋರು, ಈಗ ಎಲ್ಲಿಂದ್ಲೋ ಪ್ಯಾಕ್ ಆಗಿದ್ದು ತಂದು ಕೊಡ್ತಾರೆ ಅಂತಾರೆ. ಅದನ್ನ ನಂಬಬಹುದಾ, ಇಲ್ಲ ಆನ್‌ಲೈನಲ್ಲಿ ತರಿಸೋದು ಒಳ್ಳೇದಾ? ರೇಟೂ ಒಬ್ಬೊಬ್ರು ಒಂದೊಂದು ಹೇಳ್ತಾರೆ.
– ಓದುಗರು, ವಿನೋಬನಗರ, ದಾವಣಗೆರೆ

ಉತ್ತರ: ನೀವು ಕೇಳಿದ್ದು ನಿಜ. 2017ರ ಕೇಟರಿಂಗ್ ಪಾಲಿಸಿ ಬಂದಾಗ ರೈಲ್ವೆಯವರು ಅಡುಗೆ ಮಾಡೋ ಕೆಲಸ ಬೇರೆ, ಬಡಿಸೋ ಕೆಲಸ ಬೇರೆ ಅಂತ ಮಾಡಿ ಊಟದ ಜವಾಬ್ದಾರಿನ ಮತ್ತೆ ರೈಲ್ವೆಯದೇ ಕಂಪನಿ ಐಆರ್‌ಸಿಟಿಸಿಗೆ ಕೊಟ್ರು. ಅಲ್ಲಿಂದ ಅಡುಗೆ ಅನ್ನೋದು ಮೆಲ್ಲಗೆ ಗಾಡಿಯಿಂದ ಇಳಿದು ದೊಡ್ಡ ಊರುಗಳ ಬೇಸ್ ಕಿಚನ್‌ಗೆ ಹೋಯ್ತು, ಅಲ್ಲಿ ಬೇಯಿಸಿ ಪ್ಯಾಕ್ ಮಾಡಿ ಸ್ಟೇಷನ್‌ನಲ್ಲಿ ಗಾಡಿಗೆ ಹತ್ತಿಸ್ತಾರೆ, ಪ್ಯಾಂಟ್ರಿಯವರು ಬಿಸಿ ಮಾಡಿ ಹಂಚ್ತಾರೆ. ರೈಲು ಬೋಗಿಯೊಳಗೆ ಗ್ಯಾಸ್ ಒಲೆ ಹಚ್ಚೋದು ಎಷ್ಟು ಅಪಾಯ ಅಂತ 2023ರ ಆಗಸ್ಟ್‌ನಲ್ಲಿ ಮದುರೈಯಲ್ಲಿ ನೋಡಿದೀವಿ, ಪ್ರವಾಸಿಗಳ ಖಾಸಗಿ ಬೋಗಿಯೊಳಗೆ ಕದ್ದು ತಂದಿದ್ದ ಸಿಲಿಂಡರ್‌ನಿಂದ ಬೆಂಕಿ ಹತ್ತಿ 9 ಜನ ತೀರ್ಕೊಂಡ್ರು. ಹಾಗಾಗಿ ಈ ಬದಲಾವಣೆ ಸರಿ ಅಂತಾನೇ ನನ್ನ ಅಭಿಪ್ರಾಯ.

ಆದ್ರೆ ಇದರಿಂದ ಒಂದು ತೊಂದ್ರೆ ಆಗಿದೆ, ನಿಮ್ಮ ತಂದೆಯವರಿಗೆ ಅದೇ ಮುಖ್ಯ. ಊಟ ಯಾವುದೋ ಒಂದು ಸ್ಟೇಷನ್‌ನಲ್ಲಿ ಹತ್ತಬೇಕು ತಾನೇ, ಗಾಡಿ ಎರಡು ಗಂಟೆ ಲೇಟಾದ್ರೆ ಮಧ್ಯಾಹ್ನದ ಊಟಾನೂ ಎರಡು ಗಂಟೆ ಲೇಟು. ಆನ್‌ಲೈನ್ ಊಟಕ್ಕೂ ಇದೇ ಕಥೆ, ಮಿರಜ್‌ನಲ್ಲೋ ಪುಣೆಯಲ್ಲೋ ಆರ್ಡರ್ ಮಾಡಿದ್ರೆ ಆ ಊರು ಬರೋ ತನಕ ಕಾಯಲೇಬೇಕು. ಆದ್ದರಿಂದ ಊಟ ಬಂದೇ ಬರುತ್ತೆ ಅನ್ನೋ ಧೈರ್ಯದ ಮೇಲೆ ಮಾತ್ರೆನೋ ಇನ್ಸುಲಿನ್ನೋ ಮೊದ್ಲೇ ತಗೊಂಡು ಕೂರೋದು ಬೇಡ, ಊಟ ಕೈಗೆ ಬಂದ ಮೇಲೆ ತಗೊಳ್ಳೋ ತರ ಹೇಗೆ ಹೊಂದಿಸ್ಕೊಳ್ಳೋದು ಅಂತ ಹೊರಡೋ ಮುಂಚೆ ನಿಮ್ಮ ಡಾಕ್ಟ್ರನ್ನ ಒಂದ್ಮಾತು ಕೇಳಿ. ಇದ್ದಕ್ಕಿದ್ದಂಗೆ ಶುಗರ್ ಇಳಿದ್ರೆ ಅಂತ ಸ್ವಲ್ಪ ಸಕ್ಕರೆನೋ ಗ್ಲೂಕೋಸ್ ಪುಡಿನೋ ಅವರ ಜೇಬಲ್ಲೇ ಇರ್ಲಿ, ಸೀಟಿನ ಕೆಳಗಿರೋ ಸೂಟ್‌ಕೇಸಲ್ಲಿ ಅಲ್ಲ.

ಒಂದೂವರೆ ದಿನದ ದಾರಿ ಇದು. ಮೊದಲ ಊಟ ಮನೆಯಿಂದ್ಲೇ ಕಟ್ಕೊಂಡು ಹೋಗಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ದಿನ ಇಟ್ರೂ ಏನೂ ಆಗಲ್ಲ. ಮಂಡಕ್ಕಿ ಮಾತ್ರ ಅಪ್ಪಂಗೆ ಕೊಡೋವಾಗ ಯೋಚನೆ ಮಾಡಿ, ನಮ್ಮೂರಿನವರು ಅದನ್ನ ಹಗುರ ಅಂದ್ಕೋತೀವಿ, ಆದ್ರೆ ಶುಗರ್‌ನ ಬೇಗ ಏರಿಸುತ್ತೆ, ಅದರ ಬದ್ಲು ಹುರಿಗಡಲೆ ಇರ್ಲಿ. ಆಮೇಲಿನ ಊಟಗಳಿಗೆ ಇ-ಕೇಟರಿಂಗ್, ಅಂದ್ರೆ ಆನ್‌ಲೈನಲ್ಲಿ ತರಿಸೋ ಊಟಾನೇ ವಾಸಿ ಅಂತೀನಿ, ಯಾಕಂದ್ರೆ ಚಪಾತಿ ಜಾಸ್ತಿ ಅನ್ನ ಕಮ್ಮಿ ಅಂತ ಬೇಕಾದ್ದನ್ನ ಆರಿಸಬಹುದು. ಐಆರ್‌ಸಿಟಿಸಿಯ ಫುಡ್ ಆನ್ ಟ್ರ್ಯಾಕ್ ಆಪ್‌ನಲ್ಲಿ ಪಿಎನ್‌ಆರ್ ಹಾಕಿದ್ರೆ ಯಾವ ಸ್ಟೇಷನ್‌ನಲ್ಲಿ ಯಾವ ಹೋಟ್ಲು ಅಂತ ತೋರಿಸುತ್ತೆ, 1323ಕ್ಕೆ ಫೋನ್ ಮಾಡಿನೂ ಹೇಳಬಹುದು. ಗೂಗಲ್‌ನಲ್ಲಿ ಹುಡುಕಿ ಮೊದ್ಲು ಸಿಕ್ಕಿದ ಸೈಟಿಗೆ ದುಡ್ಡು ಕಟ್ಟಬೇಡಿ. ಗಾಡಿ ಜಾಸ್ತಿ ಹೊತ್ತು ನಿಲ್ಲೋ ದೊಡ್ಡ ಸ್ಟೇಷನ್ನೇ ಆರಿಸಿ, ಎರಡು ನಿಮಿಷ ನಿಲ್ಲೋ ಕಡೆ ಹುಡುಗ ನಿಮ್ಮ ಬೋಗಿ ಹುಡುಕೋಷ್ಟರಲ್ಲಿ ಗಾಡಿ ಹೊರಟಿರುತ್ತೆ.

ಪ್ಯಾಂಟ್ರಿ ಊಟಾನೇ ತಗೊಂಡ್ರೆ ಡಬ್ಬಿ ಮೇಲೆ ಪ್ಯಾಕ್ ಆದ ಹೊತ್ತು ನೋಡಿ. ಬಿಸಿ ಇದ್ದ ಮಾತ್ರಕ್ಕೆ ಈಗ ಮಾಡಿದ್ದು ಅಂದ್ಕೋಬೇಡಿ. ಕ್ಯೂಆರ್ ಕೋಡ್ ಇದ್ರೆ ಸ್ಕ್ಯಾನ್ ಮಾಡಿ, ಯಾವ ಕಿಚನ್‌ದು ಅಂತ ಗೊತ್ತಾಗುತ್ತೆ. ರೇಟು ಹೀಗಿದೆ: ಮೇಲ್, ಎಕ್ಸ್‌ಪ್ರೆಸ್ ಗಾಡೀಲಿ ವೆಜ್ ಊಟ 80 ರೂಪಾಯಿ, ಸ್ಟೇಷನ್ ಸ್ಟಾಲ್‌ನಲ್ಲಿ 70, ಜಿಎಸ್‌ಟಿ ಸೇರಿಸೇ. ಅದರಲ್ಲಿ 150 ಗ್ರಾಂ ಅನ್ನ, ಅಷ್ಟೇ ದಾಲ್ ಅಥವಾ ಸಾಂಬಾರ್, ಎರಡು ಪರೋಟ ಇಲ್ಲ ನಾಲ್ಕು ಚಪಾತಿ, ಪಲ್ಯ, 80 ಗ್ರಾಂ ಮೊಸರು, ಉಪ್ಪಿನಕಾಯಿ ಇರ್ಬೇಕು. ರೈಲ್ ನೀರ್ ಲೀಟರ್ ಬಾಟ್ಲಿ 2025ರ ಸೆಪ್ಟೆಂಬರ್‌ನಿಂದ 14 ರೂಪಾಯಿ. ಮೊಸರಿಲ್ದೆ ಊಟ ತಂದು 120, 130 ಕೇಳಿದ್ರೆ ಸುಮ್ನೆ ಕೊಡಬೇಡಿ, ಮೆನು ಕಾರ್ಡ್ ತೋರ್ಸಿ ಅನ್ನಿ, ಬಿಲ್ ಕೇಳಿ, ಅದಕ್ಕೂ ಬಗ್ಗದಿದ್ರೆ 139ಕ್ಕೆ ಫೋನ್ ಮಾಡಿ ಇಲ್ಲ ರೈಲ್ವೆಯ ದೂರಿನ ಆಪ್ ರೈಲ್ ಮದದ್‌ನಲ್ಲಿ ಕಂಪ್ಲೇಂಟ್ ಹಾಕಿ. ಹತ್ತಿಪ್ಪತ್ತು ರೂಪಾಯಿಗೆ ಯಾಕೆ ಜಗಳ ಅಂತ ನಾವು ಬಿಟ್ಟಿದ್ದಕ್ಕೇ ಅದು ಅಭ್ಯಾಸ ಆಗಿಬಿಟ್ಟಿದೆ, ಜನರಲ್ ಬೋಗಿಯಲ್ಲಿ ಕೂತೋರಿಗೆ ಅದೇ ಇಪ್ಪತ್ತು ರೂಪಾಯಿ ಒಂದು ಹೊತ್ತಿನ ಊಟ.

ಪ್ರಶ್ನೆ: ದಾವಣಗೆರೆಯಿಂದ ಬೆಂಗಳೂರಿಗೆ ವಂದೇ ಭಾರತ್‌ನಲ್ಲಿ ಹೋಗ್ತೀನಿ, ಊಟ ಬೇಡ ಅನ್ಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ಧಾರಾಳವಾಗಿ. ಟಿಕೆಟ್ ಮಾಡೋವಾಗ್ಲೇ ಊಟ ಬೇಡ ಅಂತ ಒತ್ತಿದ್ರೆ ಅಷ್ಟು ದುಡ್ಡು ಕಮ್ಮಿ ಆಗುತ್ತೆ. ಆದ್ರೆ ಹತ್ತಿದ ಮೇಲೆ ಮನಸ್ಸು ಬದಲಾಗಿ ತಿಂಡಿನೋ ಊಟಾನೋ ಕೇಳಿದ್ರೆ ರೇಟಿನ ಮೇಲೆ 50 ರೂಪಾಯಿ ಜಾಸ್ತಿ ಹಾಕ್ತಾರೆ. ಟೀ, ಕಾಫಿಗೆ ಮಾತ್ರ ಆ ಐವತ್ತನ್ನ 2022ರಲ್ಲೇ ತೆಗೆದಿದ್ದಾರೆ.