ಕಳಿಸಿದ್ದು ಅವಳೇ, ಆದರೆ ಕಳಿಸುವಂತೆ ಮಾಡಿದ್ದು ಯಾರು?

ಪ್ರಶ್ನೆ: ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಹೋದ ತಿಂಗಳು ಒಬ್ಬ ಬ್ಯಾಂಕಿನವನು ಅಂತ ಫೋನ್ ಮಾಡಿ, ‘ನಿಮ್ಮ ಖಾತೆಯಿಂದ ಯಾರೋ ದುಡ್ಡು ತೆಗೀತಿದ್ದಾರೆ, ತಕ್ಷಣ ನಿಮ್ಮದೇ ಫೋನ್ ನಂಬರಿಗೆ 900 ಡಾಲರ್ ಕಳಿಸಿಕೊಳ್ಳಿ’ ಅಂದ. ಗಾಬರಿಯಲ್ಲಿ ಕಳಿಸಿದಳು. ದುಡ್ಡು ಹೋಯಿತು. ‘ನೀವೇ ಕಳಿಸಿದ್ದಲ್ವಾ’ ಎನ್ನುತ್ತದೆ ಬ್ಯಾಂಕು. ಇದಕ್ಕೆ ಕಾನೂನೇ ಇಲ್ವಾ ಮೇಡಂ?

ಉತ್ತರ: ಮೊದಲು ತಂಗಿಗೆ ಸಮಾಧಾನ ಹೇಳಿ. ನನ್ನ ನಂಬರಿಗೇ ಕಳಿಸಿದ್ದು ಬೇರೆ ಕಡೆ ಹೋಗುತ್ತದೆ ಅಂತ ಯಾರಿಗೆ ತಾನೆ ಹೊಳೆಯುತ್ತದೆ? ಮಾತಿನ ನಡುವೆ ಅವನು ‘ಮೆಸೇಜಿಗೆ ಬಂದ ಕೋಡ್ ಓದಿ’ ಅಂದಿದ್ದನಾ, ಕೇಳಿ. ಆ ಕೋಡ್ ಸಿಕ್ಕರೆ ಅವಳ ನಂಬರನ್ನು ತನ್ನ ಖಾತೆಗೆ ಜೋಡಿಸಿಕೊಳ್ಳುತ್ತಾನೆ. ಆಮೇಲೆ ಆ ನಂಬರಿಗೆ ಬಂದದ್ದೆಲ್ಲ ಅವನಿಗೆ.

ಕಾನೂನು ಇದೆ, 1978ರದು. ಹೆಸರು ಎಲೆಕ್ಟ್ರಾನಿಕ್ ಫಂಡ್ ಟ್ರಾನ್ಸ್‌ಫರ್ ಆಕ್ಟ್. ಕಾರ್ಡು ಕಳುವಾಗಿ ಬೇರೆಯವರು ದುಡ್ಡು ತೆಗೆದರೆ, ಗೊತ್ತಾದ ಎರಡು ಕೆಲಸದ ದಿನದೊಳಗೆ ತಿಳಿಸಿದವರ ನಷ್ಟ 50 ಡಾಲರ್ ದಾಟುವುದಿಲ್ಲ. ಮೋಸಗಾರ ಪಾಸ್‌ವರ್ಡೋ ಕೋಡೋ ಹೇಳಿಸಿಕೊಂಡು ತಾನೇ ದುಡ್ಡು ಎಳೆದುಕೊಂಡರೂ ಅದನ್ನು ಒಪ್ಪಿಗೆಯಿಲ್ಲದ ವರ್ಗಾವಣೆ ಅಂತಲೇ ನೋಡಬೇಕು. ಆದರೆ ನಂಬಿಸಿ, ನಿಮ್ಮ ಬೆರಳಿನಿಂದಲೇ ಒತ್ತಿಸಿದರೆ? ಅಲ್ಲೇ ಬ್ಯಾಂಕು ಕೈ ತೊಳೆದುಕೊಳ್ಳುವುದು. ಬ್ಯಾಂಕಿನ ದೂರು ಮೇಜಿನಲ್ಲಿ ವರ್ಷಗಟ್ಟಲೆ ಕೂತವಳು ನಾನು. ಹೆದರಿಸಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಈ ತೂತು ಮುಚ್ಚಲು 2024ರಲ್ಲಿ ಸೆನೆಟರುಗಳಾದ ರಿಚರ್ಡ್ ಬ್ಲೂಮೆಂಥಾಲ್, ಎಲಿಜಬೆತ್ ವಾರನ್ ಮಸೂದೆ ತಂದರು. ಮೋಸದಿಂದ ಕಳಿಸಿದ ದುಡ್ಡಿಗೂ ರಕ್ಷಣೆ ಕೊಡುವುದು ಅದರ ಉದ್ದೇಶ. ಆ ಸಂಸತ್ತಿನಲ್ಲಿ ಅದು ಪಾಸಾಗಲಿಲ್ಲ. ಬ್ರಿಟನ್ನಿನಲ್ಲಿ ಮಾತ್ರ 2024ರ ಅಕ್ಟೋಬರ್ 7ರಿಂದ ಇಂಥ ಮೋಸಕ್ಕೆ 85,000 ಪೌಂಡ್‌ವರೆಗೆ ವಾಪಸು ಕೊಡಲೇಬೇಕು. ಆ ಹೊರೆ ಕಳಿಸಿದ ಬ್ಯಾಂಕಿಗೂ ಪಡೆದ ಬ್ಯಾಂಕಿಗೂ ಅರ್ಧರ್ಧ. ಇದು ನನಗೆ ತುಂಬ ಸರಿ ಅನ್ನಿಸಿದೆ. ಕಳ್ಳನಿಗೆ ಖಾತೆ ತೆರೆದುಕೊಟ್ಟವರಿಗೂ ಬಿಸಿ ತಟ್ಟಬೇಕಲ್ವಾ?

ತಂಗಿ ಈಗ ಬ್ಯಾಂಕಿಗೆ ಮತ್ತೆ ಬರೆಯಲಿ, ಫೋನಲ್ಲಿ ಹೇಳಿ ಸುಮ್ಮನಾಗುವುದು ಬೇಡ. ಕರೆ ಬಂದ ಹೊತ್ತು, ಕೋಡ್ ಹೇಳಿದ ಹೊತ್ತು, ದುಡ್ಡು ಹೋದ ಹೊತ್ತು, ಇಷ್ಟನ್ನೂ ಸಾಲಾಗಿ ಬರೆಯಲಿ. ಕೋಡ್ ಹೇಳಿದ್ದರೆ ತನ್ನ ನಂಬರನ್ನು ಬೇರೆಯವರು ಜೋಡಿಸಿಕೊಂಡ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಲಿ. ಒಪ್ಪದಿದ್ದರೆ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು, ಖರ್ಚಿಲ್ಲ. ಅವನ ಮೆಸೇಜುಗಳನ್ನು ಮಾತ್ರ ಸಿಟ್ಟಿನಲ್ಲಿ ಅಳಿಸಿಬಿಡಬೇಡಿ ಅನ್ನಿ.